ನಾನು ಬಾರಿಸದ ಗಂಟೆ

ಶುಕ್ರವಾರ, ಮಧ್ಯಾಹ್ನ

ನನ್ನ ಕಡ್ಡಿಗೆ,

ಕಾಗದದ ಮೊದಲ ಸಾಲಿನಲ್ಲಿ ನಾನು ಕ್ಷೇಮ ಎಂದು ಬರೆಯುವುದು ರೂಢಿ. ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಇವತ್ತು ಸುಳ್ಳು ಬರೆಯಬಾರದೆಂದು ಕೂತಿದ್ದೇನೆ, ಅದಕ್ಕೆ ಆ ಸಾಲನ್ನು ಬಿಟ್ಟೆ. ನೀನು ಹೇಗಿದ್ದೀಯ ಎಂದು ಕೇಳುವ ಮುಖವೂ ನನಗಿಲ್ಲ.

ಹತ್ತೊಂಬತ್ತು ದಿನದ ಹಿಂದೆ ನೀನು ಫೋನ್ ಮಾಡಿ ಕೇಳಿದ್ದು ಒಂದೇ ಮಾತು. ಅಡುಗೆಮನೆ ಸೂರಿನಲ್ಲಿರುವ ಹೊಗೆ ಅಲಾರಮ್ಮಿನ ಬ್ಯಾಟರಿ ಬದಲಾಯಿಸಿದೆಯಾ ಎಂದು. ನಾನು ಯಾವ ಬ್ಯಾಟರಿ ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಅವತ್ತಿನಿಂದ ನಿನ್ನ ದನಿ ಕೇಳಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಹೋದ ಮಂಗಳವಾರ ರೈಲು ಹತ್ತಿ ನಿನ್ನ ಹಾಸ್ಟೆಲಿಗೆ ಬಂದು ಗೇಟಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆ. ವಾರ್ಡನ್ ಮೂರು ಸಲ ಮೇಲೆ ಹೋಗಿ ಬಂದರು. ಮೂರನೆಯ ಸಲ ನನ್ನ ಮುಖ ನೋಡಲಾರದೆ, ‘ಮಲ್ಗಿದಾಳೆ ಅಂತ ಹೇಳಿ ಅಂದ್ಲು’ ಎಂದುಬಿಟ್ಟರು. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಮೇಲಿನ ಕಿಟಕಿಯ ಪರದೆ ಅಲ್ಲಾಡಿದ್ದು ಕಂಡಿತು. ಕಣ್ಣು ಇನ್ನೂ ಚೆನ್ನಾಗಿದೆ ನನಗೆ.

ಅದಕ್ಕೆ ಈ ಕಾಗದ. ನಾಳೆ ಬೆಳಗಿನ ರೈಲಿಗೆ ಬಂದು ಇದನ್ನು ನಿನ್ನ ಪಿಟೀಲು ಮೇಷ್ಟ್ರ ಕೈಗೆ ಕೊಡುತ್ತೇನೆ. ಹರಿದುಹಾಕಬೇಡ. ಸೋಮವಾರ ಹನ್ನೊಂದು ಗಂಟೆಗೆ ಕಾಲೇಜಿನ ಸಮಿತಿ ಕೂರುತ್ತದೆ. ಅವತ್ತೂ ನೀನು ಸುಮ್ಮನಿದ್ದರೆ ಇನ್ನೊಬ್ಬರ ಸಂಗೀತ ಕದ್ದವಳೆಂದು ಬರೆದು ನಿನ್ನ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಯಾವ ಸಂಗೀತ ಕಾಲೇಜೂ ನಿನ್ನನ್ನು ಒಳಗೆ ಬಿಡುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ಹುಟ್ಟಿದಾಗ ಸಣಕಲು ಮೈ ನೋಡಿ ಕಡ್ಡಿ ಎಂದು ಕರೆದೆ. ಕಡ್ಡಿ ಮುರಿದ ಹಾಗೆ ಮಾತಾಡುವುದನ್ನು ಕಲಿತ ಮೇಲೆ ಆ ಹೆಸರೇ ಗಟ್ಟಿಯಾಯಿತು. ಅಂಥವಳು ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯ. ಮಗಳೇ, ನಿನ್ನ ಕಾಲಿಗೆ ಬೀಳುತ್ತೇನೆ, ಬಾಯಿ ಬಿಡು. ಕದ್ದವಳು ನೀನಲ್ಲ, ನಾನು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಬೇಕಾದರೆ ಈ ಕಾಗದವನ್ನೇ ಸಮಿತಿಯ ಮೇಜಿನ ಮೇಲಿಡು. ಓದಿದವರಿಗೆ ಅರ್ಥವಾಗಲಿ.

ಇಪ್ಪತ್ತೆರಡು ವರ್ಷದಿಂದ ನಾನು ಟೀವಿಗೆ ಸಿದ್ಧ ಸಂಗೀತ ಮಾಡಿಕೊಡುತ್ತಿದ್ದೇನೆ. ಹಾಡಲ್ಲ, ಬರೀ ವಾದ್ಯ. ಯಾವ ಕಾರ್ಯಕ್ರಮಕ್ಕೆ ಎನ್ನುವುದು ಮಾಡುವಾಗ ನಮಗೇ ಗೊತ್ತಿರುವುದಿಲ್ಲ. ‘ಚುರುಕು ಅಡುಗೆ’, ‘ಅನುಮಾನ, ಮೂರು’, ‘ಗೆಲುವಿಗೆ ಮುಂಚೆ’ ಎಂದು ಹೆಸರು ಹಚ್ಚಿ ಕಂಪನಿಯವರು ತಮ್ಮ ಭಂಡಾರದಲ್ಲಿಡುತ್ತಾರೆ. ಬೇಕಾದ ಚಾನೆಲ್ಲಿನವರು ಎತ್ತಿಕೊಂಡು ಮಾತಿನ ಕೆಳಗೆ ಹಾಸುತ್ತಾರೆ. ಒಂದೊಂದಕ್ಕೂ ನಾಲ್ಕು ಅಳತೆ: ಪೂರ್ತಿಯದು, ಒಂದು ನಿಮಿಷದ್ದು, ಅರ್ಧ ನಿಮಿಷದ್ದು, ಮತ್ತೆ ಮುಖ್ಯ ರಾಗವನ್ನೇ ಕಿತ್ತು ತೆಗೆದದ್ದು ಒಂದು. ನಿನಗೆ ಏಳು ವರ್ಷವಿದ್ದಾಗ ಶಾಲೆಯಲ್ಲಿ ಅಮ್ಮನ ಕೆಲಸ ಏನೆಂದು ಕೇಳಿದ್ದಕ್ಕೆ, ‘ನಮ್ಮಮ್ಮ ಯಾರೂ ಕೇಳಿಸ್ಕೊಳ್ಳದೇ ಇರೋ ಸಂಗೀತ ಮಾಡ್ತಾಳೆ’ ಅಂದಿದ್ದೆ. ಟೀಚರು ನನ್ನನ್ನು ಕರೆಸಿ ಸಮಾಧಾನ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕಿವಿಯ ವಿಷಯವನ್ನು ನಾವಿಬ್ಬರೂ ನಿನ್ನೆಯವರೆಗೆ ಮೂರನೆಯವರಿಗೆ ಹೇಳಿರಲಿಲ್ಲ. ಇವತ್ತು ಬರೆದುಬಿಡುತ್ತೇನೆ. ಎರಡೂವರೆ ವರ್ಷದ ಹಿಂದೆ, ಊರಿನವರೆಲ್ಲ ಇದ್ದಕ್ಕಿದ್ದಂತೆ ಗೊಣಗಲು ಶುರುಮಾಡಿದ್ದಾರೆ ಅನ್ನಿಸಿತು. ಕೆಟಲಿನ ಸೀಟಿ ಕೆಟ್ಟಿದೆಯೆಂದು ಹೊಸ ಕೆಟಲ್ ತಂದೆ, ಅದೂ ಕೂಗಲಿಲ್ಲ. ಅಂಗಡಿಗೆ ವಾಪಸು ಕೊಡಲು ಹೊರಟಾಗ ನೀನು ಬಾಗಿಲಲ್ಲಿ ಅಡ್ಡ ನಿಂತೆ. ಡಾಕ್ಟರು ತೋರಿಸಿದ ಗ್ರಾಫಿನಲ್ಲಿ ನೆಟ್ಟಗೆ ಬರುತ್ತಿದ್ದ ಗೆರೆ ಅರ್ಧ ದಾರಿಯಲ್ಲಿ ಮೆಟ್ಟಿಲು ತಪ್ಪಿದವರಂತೆ ಕೆಳಗೆ ಬಿದ್ದಿತ್ತು. ತಗ್ಗಿನ ಸ್ವರ ಎಲ್ಲ ಇದೆ, ಮೇಲಿನದು ಹೋಗಿದೆ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದರು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತಿಗೆ ಸಾಕು, ಸಂಗೀತಕ್ಕೆ ಸಾಲದು ಎಂದೂ ಹೇಳಿದರು.

ಕಂಪನಿಯಲ್ಲಿ ನನ್ನ ಕೆಲಸ ನೋಡುವವನಿಗೆ ‘ಇನ್ನೊಂಚೂರು’ ಎಂದು ಹೆಸರಿಟ್ಟವಳು ನೀನೇ. ‘ದುಃಖ ಇನ್ನೊಂಚೂರು ಕಮ್ಮಿ ಮಾಡಿ ಮೇಡಂ, ಭರವಸೆ ಇನ್ನೊಂಚೂರು ಹಾಕಿ’ ಎಂದು ಉಪ್ಪು ಖಾರದ ಲೆಕ್ಕದಲ್ಲಿ ಮಾತಾಡುವ ಪ್ರಾಣಿ. ಅವನು ಒಂದು ದಿನ ಮೂರು ಟ್ಯೂನುಗಳನ್ನು ಒಟ್ಟಿಗೆ ವಾಪಸು ಕಳಿಸಿದ. ಕಂಚಿನ ತಾಳ ಕಿವಿಗೆ ಚುಚ್ಚುತ್ತದೆ ಎಂದ. ನನಗೆ ಕೇಳಿಸದ ತಾಳವನ್ನು ಕೇಳಿಸುವವರೆಗೂ ಏರಿಸುತ್ತಾ ಹೋಗಿದ್ದೆ. ಅವತ್ತು ನೀನು ಒಂದು ಮಾತೂ ಕೇಳದೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತೆ. ಮೇಲಿನದಕ್ಕೆ ನಿನ್ನ ಕಿವಿ, ಕೆಳಗಿನದಕ್ಕೆ ನನ್ನದು. ಒಂದು ವರ್ಷಕ್ಕೂ ಮೇಲ್ಪಟ್ಟು ಇಬ್ಬರು ಸೇರಿ ಒಬ್ಬಳ ಕೆಲಸ ಮಾಡಿದೆವು. ಕಂಪನಿಗೆ ತಿಳಿದಿದ್ದರೆ ಅವತ್ತೇ ನನ್ನ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು. ಕಿವಿ ಹೋದವಳಿಗೆ ಸಂಗೀತದ ಕೆಲಸ ಯಾರು ಕೊಡುತ್ತಾರೆ?

ನೀನು ಕಾಲೇಜಿಗೆ ಹೊರಡುವ ಹಿಂದಿನ ವಾರ, ಒಂದು ಬೆಳಗ್ಗೆ, ನನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಮೈಕು ಇಟ್ಟುಕೊಂಡೆ. ಕೆಲಸದ ಕೋಣೆಯ ಗೋಡೆಗೆಲ್ಲ ಮೆತ್ತೆ ಹೊಡೆದಿದೆ, ಅಲ್ಲಿ ಪಿಟೀಲು ಸತ್ತ ಹಾಗೆ ಕೇಳುತ್ತದೆ, ಅಡುಗೆಮನೆಯ ಟೈಲ್ಸಿನಲ್ಲಿ ಸ್ವರ ಓಡಾಡುತ್ತದೆ ಎಂದೆ. ಮೂರೂವರೆ ನಿಮಿಷ ನುಡಿಸಿದೆ. ಕೆಳಗಿನ ಎರಡು ತಂತಿ ಬಿಟ್ಟು ಮೇಲಕ್ಕೆ ಹೋಗಲೇ ಇಲ್ಲ. ಮೇಲಿನ ತಂತಿಗಳನ್ನು ಯಾರಿಗೆ ಎರವಲು ಕೊಟ್ಟೆಯೇ ಎಂದು ಚೇಷ್ಟೆ ಮಾಡಬೇಕೆಂದಿದ್ದವಳಿಗೆ ಅರ್ಧಕ್ಕೆ ಬಂದಾಗ ಹೊಳೆಯಿತು, ಇದರಲ್ಲಿ ನನಗೆ ಕೇಳಿಸದ ಸ್ವರ ಒಂದೂ ಇಲ್ಲ. ಡಾಕ್ಟರ ಗ್ರಾಫನ್ನು ಎದುರಿಗಿಟ್ಟುಕೊಂಡು, ನನ್ನ ಕಿವಿಯ ಅಳತೆ ತೆಗೆದು, ಅಂಗಿ ಹೊಲಿದ ಹಾಗೆ ಕಟ್ಟಿದ್ದೆ ನೀನು ಅದನ್ನು. ಈ ಎರಡೂವರೆ ವರ್ಷದಲ್ಲಿ ನಾನು ಪೂರ್ತಿಯಾಗಿ ಕೇಳಿದ ಸಂಗೀತ ಅದೊಂದೇ. ಸಿಂಕಿನ ಕಡೆ ತಿರುಗಿ ಅತ್ತೆ. ಕಣ್ಣೀರಿನ ತಪ್ಪನ್ನು ಈರುಳ್ಳಿಯ ಮೇಲೆ ಹಾಕಲು ಅವತ್ತು ಮನೆಯಲ್ಲಿ ಈರುಳ್ಳಿಯೂ ಇರಲಿಲ್ಲ.

ಅದನ್ನು ಏನು ಮಾಡಬೇಕೆಂದು ನೀನು ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ನೀನು ಹೋದ ಮೇಲೆ ಪಕ್ಕದ ಕುರ್ಚಿ ಖಾಲಿ ಆಯಿತು. ಹತ್ತು ಟ್ಯೂನು ಒಪ್ಪಿಸಬೇಕಿತ್ತು. ಒಂಬತ್ತನ್ನು ಹಳೆಯ ಅಭ್ಯಾಸದ ಮೇಲೆ, ಸದ್ದನ್ನು ಗೆರೆಯಾಗಿ ತೋರಿಸುವ ಕಂಪ್ಯೂಟರ್ ಪರದೆಯನ್ನು ನೋಡಿಕೊಂಡು ಹೇಗೋ ದಾಟಿಸಿದೆ. ಹತ್ತನೆಯದು ‘ಅಗಲಿಕೆ, ನಿಧಾನ, ಮಾತಿನ ಕೆಳಗೆ’. ಇನ್ನೊಂಚೂರು ಅದನ್ನು ನಾಲ್ಕು ಸಲ ವಾಪಸು ಕಳಿಸಿದ. ನಾಲ್ಕನೆಯ ಸಲ ‘ಯಾಕೋ ನೀವು ಮಾಡಿದ್ದು ಅನ್ನಿಸ್ತಿಲ್ಲ ಮೇಡಂ, ಆರೋಗ್ಯ ಸರಿಯಿದೆಯಾ?’ ಎಂದು ಕೇಳಿದ. ಅವನಿಗೆ ಗೊತ್ತಾಗಿಬಿಟ್ಟಿದೆ ಎಂದೇ ಅಂದುಕೊಂಡೆ. ಅವತ್ತು ಸಂಜೆ ನಿನ್ನ ಮೂರೂವರೆ ನಿಮಿಷವನ್ನು ತೆಗೆದು, ಕೆಳಗೆ ತೆಳ್ಳಗೆ ಒಂದು ಹಿನ್ನೆಲೆ ಹಾಸಿ, ಕಳಿಸಿಬಿಟ್ಟೆ.

ಮೊನ್ನೆ ಮೇಷ್ಟ್ರಿಗೆ ಇದನ್ನು ಬೇರೆ ತರಹ ಹೇಳಿದ್ದೇನೆ. ನಮ್ಮ ಕೆಲಸದಲ್ಲಿ ಅಸಲಿ ವಾದ್ಯ ಬರುವ ತನಕ ಆ ಜಾಗಕ್ಕೆ ಕೈಗೆ ಸಿಕ್ಕ ಯಾವುದನ್ನೋ ಇಟ್ಟಿರುತ್ತೇವೆ, ಸೀಟಿಗೆ ಕರ್ಚೀಫು ಹಾಕಿದ ಹಾಗೆ. ಮಗಳು ನುಡಿಸಿದ್ದನ್ನು ಹಾಗೆ ಇಟ್ಟಿದ್ದೆ, ತೆಗೆಯಲು ಮರೆತೆ ಎಂದೆ. ಅವರು ನಂಬಿ, ಯಾರಿಗಾದರೂ ಆಗುವ ತಪ್ಪು ಎಂದು ನನಗೇ ಸಮಾಧಾನ ಹೇಳಿದರು. ನೀನು ನಂಬಬೇಡ. ಪ್ರತಿ ಟ್ಯೂನಿನ ಜೊತೆ ಕಂಪನಿಗೆ ಒಂದು ಫಾರಂ ತುಂಬಿ ಕಳಿಸಬೇಕು. ಅದರಲ್ಲಿ, ವಾದ್ಯವನ್ನು ಕೈಯಲ್ಲಿ ನುಡಿಸಿದವರು ಯಾರು, ಅವರ ಸಹಿ ಎಲ್ಲಿ ಎಂದು ಕೇಳುತ್ತಾರೆ. ನಾನು ಅಲ್ಲಿ ‘ಯಾರೂ ಇಲ್ಲ, ಪಿಟೀಲು ಕಂಪ್ಯೂಟರಿನದು’ ಎಂದು ಬರೆದೆ. ಮರೆತವಳು ಹಾಗೆ ಬರೆಯುವುದಿಲ್ಲ. ಐದು ವರ್ಷದವಳಿದ್ದಾಗಿನಿಂದ ಬೆರಳ ತುದಿ ಒಡೆದುಕೊಂಡು ಕಲಿತವಳು ನೀನು. ನಿನ್ನ ಎರಡು ಕೈಗಳನ್ನೂ ನಾನು ಆ ಒಂದು ಸಾಲಿನಲ್ಲಿ ಇಲ್ಲ ಎಂದೆ.

ಒಂದು ಗಂಟೆಯೊಳಗೆ ಇನ್ನೊಂಚೂರು ಫೋನ್ ಮಾಡಿದ. ಅವನ ಜನ್ಮದಲ್ಲಿ ಮೊದಲ ಬಾರಿ ಏನೂ ಕಮ್ಮಿ ಜಾಸ್ತಿ ಮಾಡಿ ಅನ್ನಲಿಲ್ಲ. ‘ಮೇಡಂ, ಅದರಲ್ಲಿ ಆ ಸಣ್ಣ ಗಂಟೆ ಬರುತ್ತಲ್ಲ, ಆಗಾಗ, ತಾಳ ಬಿಟ್ಟು, ಅದು ಎದೆಗೇ ಬಂದು ಹೊಡಿಯುತ್ತೆ. ಹೇಗೆ ಹೊಳೀತು ನಿಮ್ಗೆ?’ ಎಂದ. ನಾನು ಯಾವ ಗಂಟೆಯನ್ನೂ ಹಾಕಿರಲಿಲ್ಲ. ಹಾಗೆಂದು ಬಾಯಿ ಬಿಟ್ಟರೆ ಕಿವಿಯ ಗುಟ್ಟು ಹೊರಬೀಳುತ್ತದೆ. ಅದಕ್ಕೆ, ಸುಮ್ಮನೆ ಹೊಳೀತಪ್ಪ ಅಂದೆ. ಹೊಗಳಿಕೆಯ ಮಾತಿಗೆ ಏನೋ ಸೇರಿಸುತ್ತಿದ್ದಾನೆ ಎಂದುಕೊಂಡು ಬಿಟ್ಟೆ. ಆಮೇಲಿನ ತಿಂಗಳು ಆ ಗಂಟೆಯ ಹಾಗೇ ಇನ್ನೊಂದು ಬೇಕು ಎಂದು ಪೀಡಿಸಿದ. ಹಿತ್ತಾಳೆಯದು, ಗಾಜಿನದು, ಬೆಳ್ಳಿಯದು ಎಂದು ಏಳು ಬಗೆಯ ಗಂಟೆ ಕಳಿಸಿದೆ. ಯಾವುದೂ ಆ ಗಂಟೆ ಅಲ್ಲ ಎಂದ.

ಕಾಣೆಯಾದವರನ್ನು ಹುಡುಕುವ ಕಾರ್ಯಕ್ರಮವೊಂದು ಅದನ್ನು ಎತ್ತಿಕೊಂಡಿತು. ಪ್ರತಿ ಗುರುವಾರ ಸಂಜೆ, ಯಾರದೋ ತಾಯಿ ಫೋಟೋ ಹಿಡಿದು ನಿಂತಾಗ ನಿನ್ನ ಪಿಟೀಲು ಶುರುವಾಗುತ್ತಿತ್ತು. ಬೀದಿಯ ಎಲ್ಲ ಕಿಟಕಿಗಳಿಂದಲೂ ಬರುತ್ತಿತ್ತು. ನಾನೂ ನೋಡಿದೆ, ಒಂದು ವಾರವೂ ತಪ್ಪಿಸಲಿಲ್ಲ. ನಿನ್ನ ಹಾಸ್ಟೆಲಿನಲ್ಲಿ ಟೀವಿ ಇಲ್ಲ, ಇದ್ದರೂ ನೀನು ನೋಡುವವಳಲ್ಲ ಎಂದು ಧೈರ್ಯ ಹೇಳಿಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಇಷ್ಟು ಕಾಲ ಬೇರೆಯವರಿಗೆ ಅನ್ವಯಿಸಿ ಹೇಳುತ್ತಿದ್ದೆ.

ನೀನು ವಾರ್ಷಿಕ ಸ್ಪರ್ಧೆಯ ಕೊನೆಯ ಸುತ್ತಿಗೆ, ಸ್ವಂತ ಕೃತಿ ನುಡಿಸಬೇಕಾದಲ್ಲಿ, ಅದನ್ನೇ ಆರಿಸಿಕೊಳ್ಳುತ್ತೀಯ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಡೆದದ್ದನ್ನು ಮೇಷ್ಟ್ರು ಮರುದಿನ ಫೋನಿನಲ್ಲಿ ಹೇಳಿದರು. ನೀನು ನುಡಿಸಿ ಮುಗಿಸಿದಾಗ ತೀರ್ಪುಗಾರರೊಬ್ಬರು, ಇದು ಗುರುವಾರದ ಸಂಗೀತವಲ್ಲವೇ ಎಂದರಂತೆ. ಸಂಗೀತವನ್ನು ಹೋಲಿಸಿ ಪತ್ತೆ ಮಾಡುವ ಯಂತ್ರಕ್ಕೆ ಹಾಕಿದರಂತೆ. ಕಂಪನಿಯ ಭಂಡಾರದಲ್ಲಿ ಅದು ಬೇರೊಬ್ಬರ ಹೆಸರಿನಲ್ಲಿ ಸಿಕ್ಕಿತಂತೆ. ನನ್ನ ಕಸುಬಿನ ಹೆಸರು ನಮ್ಮ ಮನೆಯ ಹೆಸರಲ್ಲವಲ್ಲ, ಆ ಹೆಸರಿನವಳು ನಿನ್ನ ಹೆತ್ತವಳೆಂದು ಅವರಿಗೆ ತಿಳಿಯಲಿಲ್ಲ. ಆ ಕೋಣೆಯ ದೊಡ್ಡ ಸ್ಪೀಕರಿನಲ್ಲಿ ಅದನ್ನು ನಿನ್ನೆದುರಿಗೇ ಹಾಕಿದರಂತೆ. ನೀನು ಪೂರ್ತಿ ಕೇಳಿ, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಏನೂ ಹೇಳದೆ ಹೊರಗೆ ಹೋದೆಯಂತೆ. ಆ ಹೊರಗಿನಿಂದಲೇ ನೀನು ನನಗೆ ಫೋನ್ ಮಾಡಿದ್ದು.

ಮೇಷ್ಟ್ರು ಇಷ್ಟು ಹೇಳಿ, ಅಮ್ಮ ಇದೇ ಕ್ಷೇತ್ರದಲ್ಲಿರುವವರು, ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಗಾಬರಿಯಾಗಿ, ಎರಡು ಟ್ಯೂನು ಒಂದೇ ಥರ ಇರುವುದುಂಟು, ನನಗೆ ಹೇಗೆ ಗೊತ್ತಿರುತ್ತೆ ಅಂದೆ. ಫೋನ್ ಇಟ್ಟ ಮೇಲೆ ನನ್ನ ಬಾಯಿಂದ ಬಂದದ್ದೇನು ಎಂದು ನನಗೇ ಹೇಸಿಗೆಯಾಯಿತು. ಆದರೂ ತಿರುಗಿ ಫೋನ್ ಮಾಡಲಿಲ್ಲ. ಹತ್ತು ದಿನ ಮಾಡಲಿಲ್ಲ.

ನಿನ್ನ ಬ್ಯಾಟರಿಯ ಮಾತು ಮಾತ್ರ ತಲೆಯೊಳಗೆ ಕೊರೆಯುತ್ತಿತ್ತು. ಮನೆಗೆ ಬೆಂಕಿ ಬೀಳಲಿ ಎಂದು ಶಾಪ ಹಾಕಿದೆಯೇನೋ ಎಂದೂ ಅಂದುಕೊಂಡೆ. ಹನ್ನೊಂದನೆಯ ದಿನ ಎದುರುಮನೆಯ ಟೇಲರು ಹೊಲಿದ ದಿಂಬಿನ ಚೀಲ ಕೊಡಲು ಅಡುಗೆಮನೆಯವರೆಗೆ ಬಂದರು. ಸುತ್ತ ನೋಡಿ, ‘ಅಕ್ಕಾ, ಹಕ್ಕಿ ಸಾಕಿದೀರಾ? ಎಷ್ಟು ದಿನದಿಂದ ಕೇಳ್ತಿದೀನಿ, ಪಾಪ, ಅದಕ್ಕೆ ಒಂದೇ ಮಾತು ಬರೋದು’ ಎಂದರು. ಎಲ್ಲಿ ಎಂದೆ. ಅವರು ಸೂರಿನತ್ತ ಬೆರಳು ತೋರಿಸಿದರು. ಬಿಳಿಯ ಡಬ್ಬಿ, ನಡುವೆ ಮಿಣುಕುವ ಕೆಂಪು ಚುಕ್ಕೆ.

ಅವರು ಹೋದ ಮೇಲೆ ಸ್ಟೂಲಿನ ಮೇಲೆ ಮೈಕು ಇಟ್ಟು ಖಾಲಿ ಅಡುಗೆಮನೆಯನ್ನು ಐದು ನಿಮಿಷ ರೆಕಾರ್ಡ್ ಮಾಡಿದೆ. ಪರದೆಯ ಮೇಲೆ ಹಾಕಿ ನೋಡಿದರೆ, ಏನೂ ಇಲ್ಲದ ಕಡೆ, ಮೇಲ್ಗಡೆ, ಕೂದಲೆಳೆಯಂಥ ಗೆರೆಗಳು. ನಲವತ್ತು ಸೆಕೆಂಡಿಗೆ ಒಂದು. ಆಮೇಲೆ ನಾನು ಮಾರಿದ ಟ್ಯೂನನ್ನು ತೆರೆದೆ. ಅದರಲ್ಲೂ ಅವೇ ಗೆರೆಗಳು, ಅದೇ ಎತ್ತರದಲ್ಲಿ, ಅಷ್ಟೇ ದೂರದಲ್ಲಿ, ಐದು. ಆ ಡಬ್ಬಿ ಕರೆಂಟಿನ ಮೇಲೆ ನಡೆಯುವಂಥದ್ದು. ಒಳಗಿನ ಬ್ಯಾಟರಿ ಸತ್ತರೆ ಬದಲಾಯಿಸುವ ತನಕ ಕೀಂಕ್ ಕೀಂಕ್ ಎನ್ನುತ್ತಲೇ ಇರುತ್ತದಂತೆ. ಇನ್ನೊಂಚೂರುವಿನ ಎದೆಗೆ ಹೊಡೆದ ಗಂಟೆ ಅದೇ. ನಾಡಿನ ಅರ್ಧ ಜನ ನಮ್ಮ ಅಡುಗೆಮನೆಯ ಸತ್ತ ಬ್ಯಾಟರಿಗೆ ಕಣ್ಣೀರು ಹಾಕಿದ್ದಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅದು ಹಗಲಿಡೀ ನನ್ನ ನೆತ್ತಿಯ ಮೇಲೆ ಕೂಗುತ್ತಿತ್ತು, ನಾನು ಅದರ ಕೆಳಗೆ ನಿಂತು ಪಾತ್ರೆ ತೊಳೆಯುತ್ತಿದ್ದೆ.

ಆ ಸ್ಪೀಕರಿನಲ್ಲಿ ನೀನು ಕೇಳಿದ್ದು ಅದನ್ನು. ಮೊದಲ ಕೀಂಕ್‌ಗೇ ಎಲ್ಲವೂ ಗೊತ್ತಾಗಿರಬೇಕು ನಿನಗೆ: ಇದು ನಿನ್ನ ಅದೇ ಬೆಳಗು, ಅದೇ ಅಡುಗೆಮನೆ, ಮಾರಿದವಳು ಹೆತ್ತವಳು, ಅವಳಿಗೆ ಇದು ಈಗಲೂ ಕೇಳಿಸುವುದಿಲ್ಲ. ಆಗಲೇ ಬಾಯಿ ಬಿಟ್ಟು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ಹತ್ತು ದಿನ ಯೋಚಿಸಿದ್ದೆ, ಆ ಗೆರೆಗಳನ್ನು ಕಂಡಾಗ ಗೊತ್ತಾಯಿತು. ಅಲಾರಮ್ಮಿನ ವಿಷಯ ಎತ್ತಿದರೆ ಮುಂದಿನ ಪ್ರಶ್ನೆ, ಇಷ್ಟು ದೊಡ್ಡ ಸದ್ದು ಸಂಗೀತ ಮಾಡಿದವಳಿಗೇ ಹೇಗೆ ಕೇಳಿಸಲಿಲ್ಲ ಎಂದು. ನನ್ನ ಕಿವಿಯ ಗುಟ್ಟು ಉಳಿಯಲೆಂದು ನೀನು ನಿನ್ನ ಹೆಸರನ್ನು ಬಿಡುತ್ತಿದ್ದೀಯ. ನನ್ನ ಮೇಲೆ ಅಷ್ಟು ಸಿಟ್ಟಿಟ್ಟುಕೊಂಡೂ ನನ್ನನ್ನು ಕಾಯುತ್ತಿದ್ದೀಯ. ಬೇಡ ಕಣೇ. ಇದನ್ನು ತಡೆದುಕೊಳ್ಳುವುದು ನನ್ನಿಂದಾಗುವುದಿಲ್ಲ. ಬಂದು ನನ್ನ ಕೆನ್ನೆಗೆ ಎರಡು ಬಿಗಿ, ತಡೆದುಕೊಳ್ಳುತ್ತೇನೆ.

ಮೊನ್ನೆ ಸಮಿತಿಯ ಅಧ್ಯಕ್ಷರ ಬಳಿಗೆ ಹೋಗಿದ್ದೆ. ನಾನೇ ಆ ಹೆಸರಿನವಳು, ಕದ್ದವಳು ನಾನು ಎಂದೆ. ಅವರು ಕನ್ನಡಕ ತೆಗೆದು, ‘ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಮ್ಮ. ನಿಮ್ಮ ಜಾಗದಲ್ಲಿ ನಾನಿದ್ರೂ ಹೀಗೇ ಹೇಳ್ತಿದ್ದೆ’ ಎಂದರು. ಕಂಪನಿಯಿಂದ ತರಿಸಿಕೊಂಡಿದ್ದ ಫಾರಂ ತೋರಿಸಿದರು. ಪಿಟೀಲು ಕಂಪ್ಯೂಟರಿನದು ಎಂದು ನೀವೇ ಬರೆದಿದ್ದೀರಲ್ಲ, ಅಲ್ಲಿ ಮಗಳು ಎಲ್ಲಿಂದ ಬಂದಳು ಎಂದರು. ನನ್ನ ಸಹಿಯೇ ನನ್ನ ಬಾಯಿ ಮುಚ್ಚಿಸಿತು. ಮೊದಲ ಧ್ವನಿಮುದ್ರಣ, ತಾರೀಖು ಇರುವುದು, ಏನೂ ಸೇರಿಸದೆ ಏನೂ ತೆಗೆಯದೆ ಇದ್ದರೆ ತನ್ನಿ ಎಂದರು. ಹಳೆಯ ಡಿಸ್ಕು ಕೆಟ್ಟುಹೋಗಿದೆ, ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಎಂದೆ. ನಿಜಕ್ಕೂ ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದೇನೆ.

ಹಾಗಾಗಿ ಉಳಿದಿರುವುದು ನಿನ್ನ ಬಾಯಿ ಒಂದೇ. ಸೋಮವಾರ ಹೋಗು. ಆ ಟ್ಯೂನನ್ನು ಮತ್ತೆ ಹಾಕಿಸು. ನಲವತ್ತು ಸೆಕೆಂಡಿಗೊಮ್ಮೆ ಬೆರಳೆತ್ತಿ ತೋರಿಸು. ಕಂಪ್ಯೂಟರಿನ ಪಿಟೀಲಿಗೆ ಅಡುಗೆಮನೆ ಎಲ್ಲಿಂದ ಬರಬೇಕು ಎಂದು ಕೇಳು. ಯಾರನ್ನಾದರೂ ನಮ್ಮ ಮನೆಗೆ ಕಳಿಸಲಿ, ಸೂರಿನ ಕೆಳಗೆ ನಿಂತು ಕೇಳಲಿ. ಅಮ್ಮ ಕಿವುಡಿ, ಅಮ್ಮ ಕಳ್ಳಿ ಎಂದು ಹೇಳು, ಅದು ನಿಜ. ನನ್ನ ಕೆಲಸದ ಚಿಂತೆ ಬೇಡ. ಇವತ್ತು ಬೆಳಗ್ಗೆ ಇನ್ನೊಂಚೂರುವಿಗೆ ಫೋನ್ ಮಾಡಿ ಕಿವಿಯ ವಿಷಯ ಹೇಳಿದೆ. ಅವನು, ‘ಇನ್ನೊಂಚೂರು ಮೊದಲೇ ಹೇಳಬಾರದಿತ್ತಾ ಮೇಡಂ’ ಎಂದ. ಒಪ್ಪಂದ ಮುರಿಯುವ ಕಾಗದ ಮುಂದಿನ ವಾರ ಬರುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಉಣ್ಣಲು ತಯಾರಾಗಿದ್ದೇನೆ, ಆದರೆ ನನ್ನ ಎಲೆಗೆ ಬಡಿಸಿದ್ದನ್ನು ನೀನು ಉಣ್ಣಬೇಡ.

ಕ್ಷಮಿಸು ಎಂದು ಕೇಳುವುದಿಲ್ಲ. ಸೋಮವಾರ ಬಾಯಿ ಬಿಡು, ಅಷ್ಟು ಸಾಕು. ಆಮೇಲೆ ನನ್ನ ಮುಖ ನೋಡದಿದ್ದರೂ ಸರಿ. ಹಾಗೆಂದು ಬರೆದೆನೇ ಹೊರತು, ಅದು ಸರಿ ಅಲ್ಲವೇ ಅಲ್ಲ. ನೀನಿಲ್ಲದೆ ಈ ಮನೆಯಲ್ಲಿ ನನಗೆ ಹುಚ್ಚು ಹಿಡಿಯುತ್ತದೆ.

ನಿನ್ನ ಕಿವಿಯಲ್ಲಿ ಬದುಕಿದವಳು,
ಅಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು. ಶನಿವಾರ ಬೆಳಗ್ಗೆ, ರೈಲಿಗೆ ಹೊರಡುವ ಮುಂಚೆ:

ಸುಳ್ಳು ಬರೆಯುವುದಿಲ್ಲ ಎಂದು ಶುರುಮಾಡಿದ ಕಾಗದದಲ್ಲಿ ಎರಡು ಸುಳ್ಳಿವೆ. ಮೊದಲ ಧ್ವನಿಮುದ್ರಣ ಕಳೆದಿಲ್ಲ. ಅದು ಒಂದು ದಿನವೂ ಕಳೆದಿರಲಿಲ್ಲ, ಪೆನ್‌ಡ್ರೈವಿನಲ್ಲಿ, ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅಧ್ಯಕ್ಷರ ಎದುರು ಇಲ್ಲ ಎಂದಾಗ ನನ್ನ ಕೈಚೀಲದಲ್ಲೇ ಇತ್ತು. ಕೊಡಲಾಗಲಿಲ್ಲ, ಯಾಕೆಂದರೆ ನೀನು ನುಡಿಸಿ ಮುಗಿಸಿದ ಮೇಲೂ ಅದು ಸ್ವಲ್ಪ ಹೊತ್ತು ಓಡುತ್ತದೆ. ಪೂರ್ತಿ ಕೇಳಿಸ್ತಾ ಅಮ್ಮ ಎಂದು ನೀನು ಕೇಳುತ್ತೀಯ. ಪೂರ್ತಿ ಕೇಳಿಸ್ತು ಕಣೇ ಎನ್ನುತ್ತೇನೆ. ‘ಇದು ನಿಂಗೆ ಮಾತ್ರ. ಟೀವಿಗೆಲ್ಲ ಹಾಕ್ಬೇಡ’ ಎನ್ನುತ್ತೀಯ. ‘ನನ್ನ ಕಿವಿಯಾಣೆ, ಹಾಕಲ್ಲ’ ಎಂದು ನಗುತ್ತೇನೆ. ನೀನು ಏನು ಮಾಡು ಎಂದು ಹೇಳಿರಲಿಲ್ಲ ಎಂದು ನಿನ್ನೆ ಬರೆದೆನಲ್ಲ, ಎರಡನೆಯ ಸುಳ್ಳು ಅದು.

ಆಣೆಯಾದ ಮೇಲೆ ಪರದೆಯಲ್ಲಿ ಆ ಕೀಂಕಿನ ಒಂದು ಗೆರೆ ಇದೆ. ಗೆರೆಯ ಹಿಂದೆಯೇ ನೀನು ‘ಅಮ್ಮ, ಅದು...’ ಎಂದು ಶುರುಮಾಡುತ್ತೀಯ. ನಾನು ಯಾವುದು ಎನ್ನುತ್ತೇನೆ. ನೀನು ಏನಿಲ್ಲ ಬಿಡು ಎನ್ನುತ್ತೀಯ. ಸ್ಟೂಲು ಹತ್ತಿದರೆ ನಿನಗೆ ಎಟಕುತ್ತಿತ್ತು, ನೀನೇ ಬದಲಾಯಿಸಬಹುದಿತ್ತು. ಒಂದಲ್ಲ ಒಂದು ದಿನ ನಾನೇ ತಲೆಯೆತ್ತಿ ಇದೇನು ಸದ್ದು ಎಂದು ಕೇಳುತ್ತೇನೆಂದು ಕಾದೆಯಾ ಮಗಳೇ?

ಹಿಂದೆ ಆ ಮಾತುಗಳನ್ನು ಕತ್ತರಿಸಿ ಟ್ಯೂನನ್ನು ಮಾತ್ರ ಮಾರಿದ್ದೆ. ಈ ಸಲ ಒಂದು ಉಸಿರನ್ನೂ ಕತ್ತರಿಸಿಲ್ಲ. ನೀನು ಇದನ್ನು ಓದುವ ಹೊತ್ತಿಗೆ ಪೆನ್‌ಡ್ರೈವ್ ಅಧ್ಯಕ್ಷರ ಕೈಯಲ್ಲಿರುತ್ತದೆ. ನೀನು ಸೋಮವಾರ ಸುಮ್ಮನಿದ್ದರೂ ಅದು ಮಾತಾಡುತ್ತದೆ. ನಿನ್ನನ್ನು ಕೇಳದೆ ನಾನು ಅದನ್ನು ಹೊರಗೆ ಕೊಡುತ್ತಿರುವುದು ಇದು ಎರಡನೆಯ ಸಲ.

ನಿನ್ನ ಪ್ರಶ್ನೆಗೆ ಉತ್ತರ ಬಾಕಿ ಇದೆ. ಬ್ಯಾಟರಿ ಈಗಷ್ಟೇ ಬದಲಾಯಿಸಿದೆ. ಸದ್ದು ನಿಂತಿತೋ ಇಲ್ಲವೋ ತಿಳಿಯುತ್ತಿಲ್ಲ. ಪರದೆಯಲ್ಲಿ ನೋಡಬಹುದು, ನೋಡುವುದಿಲ್ಲ. ಎಂದಾದರೂ ಒಂದು ದಿನ ಬಂದು, ಸೂರಿನ ಕೆಳಗೆ ಒಂದು ನಿಮಿಷ ನಿಂತು, ನೀನೇ ಹೇಳು.